ಸಂಕಟದ ಮೇಲೆ ಅಂಟಿಸಿದ ಕಾಗದ

“ಮಾವ, ಈ ಒಂದು ಪದದ ಕೆಳಗೆ ಮಾತ್ರ ಯಾಕೆ ಕಾಗದ ಅಂಟಿಸಿದ್ದೀರಿ?”

ಕೇಳಿದವಳು ಸರ್ವಮಂಗಳೆ. ನನ್ನ ಅಕ್ಕನ ಮಗಳು, ಎಂಟು ವರ್ಷಗಳಿಂದ ನನ್ನ ಶಿಷ್ಯೆ. ನಾನು ಮೂವತ್ತು ವರ್ಷ ಊರೂರು ಅಲೆದು ಕೂಡಿಸಿದ ಆಡುಮಾತಿನ ನಿಘಂಟನ್ನು ಎರಡನೆಯ ಮುದ್ರಣಕ್ಕೆ ಸಿದ್ಧಮಾಡುತ್ತಿರುವವಳು ಅವಳೇ. ಅವಳ ಬೆರಳು ‘ಸಂಕಟ’ ಎಂಬ ಪದದ ಮೇಲಿತ್ತು. ಪದದ ಮುಂದೆ ಅರ್ಥವಿತ್ತು: ತಾಳಲಾರದ ಮನೋವೇದನೆ, ಒಳಗೊಳಗೇ ಬೇಯಿಸುವ ದುಃಖ. ಅದರ ಕೆಳಗೆ, ಬಳಕೆಯ ವಾಕ್ಯ ಇರಬೇಕಾದ ಜಾಗದಲ್ಲಿ, ಬೆರಳಗಲದ ಬಿಳಿ ಕಾಗದದ ಪಟ್ಟಿ.

ಅವಳು ಹೇಳಿದ್ದು ಇಷ್ಟು. ಗ್ರಂಥಾಲಯದಿಂದ ತಂದ ಪ್ರತಿಯಲ್ಲೂ ಅದೇ ಪಟ್ಟಿ ಇದೆ. ಕಾಲೇಜಿನ ಪ್ರತಿಯಲ್ಲೂ ಇದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದಾಳೆ, ಅಕ್ಷರ ಕಾಣುವುದಿಲ್ಲ. ಹಬೆಗೆ ಹಿಡಿದು ಬಿಡಿಸಲು ಹೋದರೆ ಹಾಳೆಯೇ ಕಿತ್ತುಬರುತ್ತದೆ. ಹಳೆಯ ಚೀಟಿಗಳ ಕಟ್ಟಿನಲ್ಲಿ ಹುಡುಕಿದರೆ ಆ ಒಂದು ಚೀಟಿ ಇಲ್ಲ. ಸೋಮವಾರ ಪುಟಗಳು ಅಚ್ಚಿಗೆ ಹೋಗಬೇಕು. ಹದಿನಾಲ್ಕು ಸಾವಿರ ಪದಗಳಿಗೂ ವಾಕ್ಯವಿದೆ, ಇದೊಂದಕ್ಕೆ ಇಲ್ಲ. ನಾನು ಬಾಯಿಬಿಟ್ಟು ಹೇಳಿದರೆ ಅವಳು ಬರೆದುಕೊಳ್ಳುತ್ತಾಳೆ.

“ವಾಕ್ಯ ಹೇಳುವುದಿಲ್ಲ. ಕತೆ ಹೇಳುತ್ತೇನೆ,” ಎಂದೆ.

“ನಿಮ್ಮ ಕತೆ ಅಂದರೆ ಅರ್ಧ ಬುರುಡೆ ಇರುತ್ತದೆ, ಮಾವ.”

ಅವಳು ಹಾಗೆ ಹೇಳಲು ಕಾರಣವಿತ್ತು. ನಮ್ಮ ಮನೆತನದಲ್ಲಿ ಮದುವೆಯ ಊಟಕ್ಕೆ ಕರೆದಾಗ ನನ್ನನ್ನು ಕರೆಯುವುದೇ ಬುರುಡೆಗಾಗಿ. ಹುಲಿಯ ಬೆನ್ನು ಕೆರೆದ ಕತೆ, ಒಂದೇ ಉಸಿರಿಗೆ ಬಾವಿ ಈಜಿ ದಾಟಿ ಆಚೆಯ ಊರಿನ ಬಾವಿಯಲ್ಲಿ ಎದ್ದ ಕತೆ, ಎಲ್ಲವೂ ನನ್ನವೇ. ಆದ್ದರಿಂದ ನಾನು ಎದ್ದು ನಿಘಂಟಿನ ಮೂರು ಸಂಪುಟಗಳನ್ನೂ ತಲೆಯ ಮೇಲೆ ಇಟ್ಟುಕೊಂಡೆ. ಒಟ್ಟು ಒಂಬತ್ತು ಕಿಲೋ ಭಾರ, ಸುಳ್ಳು ಹೇಳುವವನ ಕುತ್ತಿಗೆ ಇದನ್ನು ತಡೆಯುವುದಿಲ್ಲ, ಈ ಕತೆಯ ಒಂದೊಂದು ಮಾತೂ ನಿಜ ಎಂದು ಆಣೆ ಮಾಡಿದೆ. ಮೊದಲು ಅದನ್ನು ಕೆಳಗಿಳಿಸಿ, ನಾಳೆ ಕುತ್ತಿಗೆಗೆ ಎಣ್ಣೆ ತಿಕ್ಕುವವಳು ನಾನೇ ಎಂದಳು. ಇಳಿಸಿ, ಕುಳಿತು, ಹೇಳಿದೆ.

ಒಬ್ಬ ಪದ ಹುಡುಕುವವನಿದ್ದ.

ಅಂಥವನು ಈ ನಾಡಿನಲ್ಲಿ ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಗೋಡೆಯ ಆಚೆ ಯಾರಾದರೂ ಕೆಮ್ಮಿದರೆ ಯಾವ ತಾಲ್ಲೂಕಿನ ಕೆಮ್ಮು ಎಂದು ಹೇಳುತ್ತಿದ್ದ. ಕುರಿ ಕಾಯುವವರ ಬಾಯಲ್ಲಿ ಒಂದು ಅಪರೂಪದ ಪದ ಇದೆಯೆಂದು ಕೇಳಿ ಮಂದೆಯ ಹಿಂದೆ ನಾಲ್ಕು ದಿನ ನಡೆದ. ಐದನೆಯ ದಿನ ಕುರಿಗಳು ಅವನನ್ನು ತಮ್ಮವನೆಂದೇ ತಿಳಿದು ಮೈಗೆ ಮೈ ತಿಕ್ಕಿ ಮಲಗಿದವು. ಒಬ್ಬ ಕ್ಷೌರಿಕನಿಗೆ ಸಿಟ್ಟು ಬಂದರೆ ಒಂದು ಬೈಗುಳ ಬರುತ್ತದೆ, ಅದು ಬೇರೆ ಯಾರಿಗೂ ಬರುವುದಿಲ್ಲ ಎಂದು ತಿಳಿದು, ಒಂದೇ ದಿನ ನಾಲ್ಕು ಸಲ ಕ್ಷೌರಕ್ಕೆ ಕುಳಿತ. ಎರಡನೆಯ ಸಲಕ್ಕೇ ಕೂದಲು ಮುಗಿದಿತ್ತು. ಮೂರನೆಯ ಸಲ ಕ್ಷೌರಿಕ ಗಾಳಿಯಲ್ಲಿ ಕತ್ತರಿ ಆಡಿಸಿದ. ನಾಲ್ಕನೆಯ ಸಲ ಬೈಗುಳ ಬಂತು.

“ಅವನಿಗೂ ನಿಮ್ಮ ಹಾಗೇ ಮೀಸೆ ಇತ್ತೇ, ಮಾವ?” ಎಂದು ಸರ್ವಮಂಗಳೆ ಕೇಳಿದಳು.

ಈ ಕತೆಗೆ ಮೀಸೆಯ ಅಗತ್ಯವಿಲ್ಲ ಎಂದು ಹೇಳಿ ಮುಂದುವರಿಸಿದೆ.

ಅವನ ಜೇಬಿನಲ್ಲಿ ಯಾವಾಗಲೂ ಅಂಗೈ ಅಗಲದ ಚೀಟಿಗಳ ಕಟ್ಟು ಇರುತ್ತಿತ್ತು. ಚೀಟಿಯ ಮೇಲ್ಗಡೆ ಪದ. ನಡುವೆ, ಆ ಪದ ಬಂದ ಒಂದು ವಾಕ್ಯ. ಕೆಳಗಡೆ, ಅದನ್ನು ಹೇಳಿದವರು ಯಾರು, ಯಾವ ಕೆಲಸದವರು, ಯಾವ ಊರಿನವರು ಎಂಬ ವಿವರ. ವಾಕ್ಯ ಪುಸ್ತಕದ್ದಾಗಬಾರದು, ಬದುಕಿರುವ ಬಾಯಿಂದ ಬಂದಿರಬೇಕು. ಇದು ಅವನ ಮೊದಲ ನಿಯಮ. ಎರಡನೆಯ ನಿಯಮ, ಚೀಟಿಯಲ್ಲಿ ಹಿಡಿಸಿದ್ದಷ್ಟೇ ಕೆಲಸಕ್ಕೆ ಬರುವುದು. ಹಿಡಿಸದ್ದನ್ನು ಕಿವಿಯಿಂದ ಹೊರಗೆ ಬಿಡಬೇಕು. ಜನ ಒಂದು ಪದದ ಜೊತೆಗೆ ತಮ್ಮ ಮನೆಯ ಜಗಳ, ಮಗಳ ಹೆರಿಗೆ, ಎಮ್ಮೆಯ ಕಾಯಿಲೆ ಎಲ್ಲವನ್ನೂ ಹೇಳುತ್ತಾರೆ. ಎಲ್ಲವನ್ನೂ ಇಟ್ಟುಕೊಂಡರೆ ತಲೆಯಲ್ಲಿ ಪದಗಳಿಗೆ ಜಾಗವಿರುವುದಿಲ್ಲ. ಚೀಟಿ ತುಂಬಿದ ಕೂಡಲೇ ಮರೆಯುವುದನ್ನು ಅವನು ಕಷ್ಟಪಟ್ಟು ಕಲಿತಿದ್ದ. ಅದರ ಬಗ್ಗೆ ಅವನಿಗೆ ಹೆಮ್ಮೆ ಇತ್ತು.

ಅಂಥವನು ‘ಸಂಕಟ’ದ ಮುಂದೆ ಸೋತ.

ಪದ ಸಿಗದೆ ಸೋತದ್ದಲ್ಲ. ಅದು ಎಲ್ಲರ ಬಾಯಲ್ಲೂ ಇತ್ತು, ಅದೇ ತೊಂದರೆಯಾಯಿತು. ಬಸ್ಸು ತಪ್ಪಿತೆಂದು ಒಬ್ಬ ಸಂಕಟಪಟ್ಟ. ಹಾಲು ಒಡೆಯಿತೆಂದು ಒಬ್ಬಳು ಸಂಕಟಪಟ್ಟಳು. ಹಲಸಿನ ಹಣ್ಣು ತಿಂದ ಒಬ್ಬ ಹೊಟ್ಟೆ ಸಂಕಟ ಎಂದ. ಚುನಾವಣೆಗೆ ನಿಂತವನು ವೇದಿಕೆಯ ಮೇಲೆ ಜನರ ಸಂಕಟ ಎಂದು ಏಳು ಸಲ ಹೇಳಿ, ಎಂಟನೆಯ ಸಲ ಹೇಳುವ ಮೊದಲು ಸೋಡಾ ಕುಡಿದ. ನಲವತ್ತು ಚೀಟಿಗಳಾದವು. ಒಂದರಲ್ಲೂ ಅವನು ಬರೆದ ಅರ್ಥ ಇರಲಿಲ್ಲ. ತಾಳಲಾರದ ಮನೋವೇದನೆ ಎಂದು ಬರೆದು ಅದರ ಕೆಳಗೆ ಒಡೆದ ಹಾಲನ್ನು ಹಾಕುವುದು ಹೇಗೆ ಎಂದು ಅವನಿಗೆ ಚಿಂತೆ. ನಿಜವಾದ ಒಂದು ಸಂಕಟ ಬೇಕು, ಹೇಳುವವರ ಬಾಯಿಂದಲೇ ಬೇಕು ಎಂದು ಕಾದಿದ್ದ.

ಹೀಗಿರುವಾಗ ಒಂದು ಮಂಡಕ್ಕಿ ಭಟ್ಟಿಗೆ ಹೋದ.

ಊರಿನ ಹೆಸರು ಕೇಳಬೇಡ ಎಂದೆ. ಸರ್ವಮಂಗಳೆ ಕೇಳಲಿಲ್ಲ.

ಭಟ್ಟಿ ನಡೆಸುತ್ತಿದ್ದವರು ಇಬ್ಬರು ಹೆಂಗಸರು, ಅತ್ತೆ ಮತ್ತು ಸೊಸೆ. ಅತ್ತೆ ಒಲೆಯ ಮುಂದೆ ಕುಳಿತು ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಅದಕ್ಕೆ ಸುರಿದು ತಿರುವುತ್ತಿದ್ದಳು. ಅಕ್ಕಿ ಅರಳುತ್ತಿತ್ತು. ಸೊಸೆ ಅದನ್ನು ಜರಡಿಗೆ ತೆಗೆದು ಮರಳು ಬೇರೆ, ಮಂಡಕ್ಕಿ ಬೇರೆ ಮಾಡುತ್ತಿದ್ದಳು. ಸೊಸೆಯ ಗಂಡ, ಅಂದರೆ ಅತ್ತೆಯ ಒಬ್ಬನೇ ಮಗ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಒಬ್ಬರನ್ನೊಬ್ಬರು ರೇಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಸೊಸೆ ಜರಡಿ ಹಿಡಿಯುವುದನ್ನು ನೋಡಿದರೆ ಮಂಡಕ್ಕಿಗೇ ನಗು ಬಂದು ಹಲ್ಲು ಬಿಡುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಅತ್ತೆ ಬೈಯುವುದು ನಿಲ್ಲಿಸಿದರೆ ಒಲೆಗೆ ಸೌದೆ ಬೇಕಾಗುತ್ತದೆ ಎಂದು ಸೊಸೆ ಹೇಳುತ್ತಿದ್ದಳು.

ಆ ಮನೆಯಲ್ಲಿ ಒಂದು ಅಭ್ಯಾಸವಿತ್ತು. ಯಾರೇ ಬರಲಿ, ಮಂಡಕ್ಕಿ ಕೊಳ್ಳುವವನು, ಅಂಚೆಯವನು, ದಾರಿ ತಪ್ಪಿದವನು, ಬಂದವನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಒಂದು ಲೋಟ ನೀರು ತಂದು ಮುಂದೆ ಇಡುತ್ತಿದ್ದಳು. ಬೇಡ ಎಂದರೂ ಇಡುತ್ತಿದ್ದಳು. ಬಾಣಲೆಯಲ್ಲಿ ಅಕ್ಕಿ ಇದ್ದರೆ ಅದನ್ನು ಬಿಟ್ಟು ಏಳುತ್ತಿದ್ದಳು. ಆ ಭಾಗದ ಪದ್ಧತಿ ಇರಬೇಕೆಂದು ಅವನು ತಿಳಿದ.

ಮೊದಲನೆಯ ದಿನ ಕೆಲಸದ ಪದಗಳು ಸಿಕ್ಕವು. ಎರಡನೆಯ ದಿನ ಸೊಸೆ ಜರಡಿ ಹಿಡಿಯುತ್ತಾ ತನ್ನ ಗಂಡನ ವಿಷಯ ಹೇಳಿದಳು. ಅವನಿಗೆ ಹೊಟ್ಟೆನೋವು ಬಂದಾಗ ಅವಳು ತಮ್ಮನ ಮದುವೆಗೆಂದು ತವರಿಗೆ ಹೋಗಿದ್ದಳು. ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸುದ್ದಿ ಮುಟ್ಟಿ ಅವಳು ಮರುದಿನದ ಬಸ್ಸಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದಲ್ಲಿದ್ದವಳು ಅತ್ತೆ ಒಬ್ಬಳೇ. “ನಮ್ಮೋರು ನಿದ್ದೆಯಲ್ಲೇ ಹೋದ್ರು, ಯಾರ ಹತ್ರಾನೂ ಏನೂ ಬೇಡಲಿಲ್ಲ” ಎಂದು ಸೊಸೆ ಹೇಳಿದಳು. ಅದನ್ನು ಹೇಳುವಾಗ ಅವಳ ಮುಖ ಶಾಂತವಾಗಿತ್ತು. ಆ ದಿನದ್ದೆಂದು ಅವಳ ಬಳಿ ಇದ್ದದ್ದು ಆ ಒಂದು ಮಾತು. ಅವನು ಅದನ್ನು ‘ನಿದ್ದೆ’ ಎಂಬ ಪದದ ಚೀಟಿಗೆ ಬರೆದುಕೊಂಡ. ವಾಕ್ಯ ಚೆನ್ನಾಗಿತ್ತು.

ಮೂರನೆಯ ದಿನ ಸೊಸೆ ಸಂತೆಗೆ ಹೋಗಿದ್ದಳು. ಅತ್ತೆ ಎಂದಿನಂತೆ ನೀರು ತಂದಿಟ್ಟಳು. ಕೇಳುವ ಮೊದಲೇ ನೀರು ಕೊಡುತ್ತೀರಲ್ಲ, ಇದು ನಿಮ್ಮ ಕಡೆಯ ಪದ್ಧತಿಯೇ ಎಂದು ಅವನು ಕೇಳಿದ. ಅದಕ್ಕೊಂದು ಪದ ಇದ್ದರೆ ಬರೆದುಕೊಳ್ಳೋಣ ಎಂದು ಅವನ ಆಸೆ. ಅವಳು ರಸ್ತೆಯ ಕಡೆ ನೋಡಿದಳು. ಒಲೆಯ ಬಾಯಿಂದ ಸೌದೆ ಹಿಂದಕ್ಕೆಳೆದಳು. ಆಮೇಲೆ ಹೇಳಿದಳು.

ಅವಳು ಹೇಳಿದ ಮಾತನ್ನು ಅವಳು ಹೇಳಿದಂತೆ ನಾನು ಹೇಳುವುದಿಲ್ಲ. ಅದರ ಮೇಲೆ ಕಾಗದ ಅಂಟಿದೆ. ವಿಷಯ ಮಾತ್ರ ಹೇಳುತ್ತೇನೆ. ಆಪರೇಷನ್ ಆದ ಮಗನಿಗೆ ಮರುದಿನದವರೆಗೆ ನೀರು ಕೊಡಬೇಡಿ ಎಂದು ಹೇಳಿದ್ದರು. ಅವನು ಮಧ್ಯಾಹ್ನದಿಂದ ಸಂಜೆಯವರೆಗೆ ನೀರು ಕೇಳಿದ. ಎಷ್ಟು ಸಲ ಎಂಬುದು ಅವಳಿಗೆ ನೆನಪಿತ್ತು. ಚೊಂಬು ಅವಳ ತೊಡೆಯ ಮೇಲೇ ಇತ್ತು. ಬದುಕಲಿ ಎಂದು ಕೊಡಲಿಲ್ಲ. ಸಂಜೆಗೆ ಅವನು ಕೇಳುವುದನ್ನು ನಿಲ್ಲಿಸಿದ. ಅಷ್ಟನ್ನೂ ಅವಳು ಒಂದೇ ವಾಕ್ಯದಲ್ಲಿ ಹೇಳಿದಳು. ವಾಕ್ಯದ ಕೊನೆಯಲ್ಲಿ ಆ ಪದ ಬಂತು. ಬಂದದ್ದು, ಆರುವುದಿಲ್ಲ ಎಂಬ ಮಾತಿನ ಜೊತೆಗೆ.

ಕೇಳುತ್ತಿದ್ದವನು ಆ ಹೊತ್ತಿಗೆ ಏನು ಮಾಡಬೇಕಿತ್ತು, ಹೇಳು. ನಿನಗೂ ಗೊತ್ತು, ಸೊಪ್ಪು ಮಾರುವವನಿಗೂ ಗೊತ್ತು. ಸುಮ್ಮನೆ ಕುಳಿತಿದ್ದರೆ ಸಾಕಿತ್ತು.

ಅವನು ಪೆನ್ಸಿಲ್ ತೆಗೆದ. “ಅಮ್ಮ, ಕೊನೇ ಮಾತು ಇನ್ನೊಂದು ಸಲ ಹೇಳಿ. ‘ಆರಲ್ಲ’ ಅಂದ್ರೋ, ‘ಆರೋದಿಲ್ಲ’ ಅಂದ್ರೋ?”

ಸರ್ವಮಂಗಳೆ ತನ್ನ ಪೆನ್ಸಿಲನ್ನು ನೋಡಿಕೊಂಡಳು. ನಾನು ಅದನ್ನು ಕಂಡೂ ಕಾಣದಂತೆ ಮುಂದುವರಿಸಿದೆ.

ಆ ಹೆಂಗಸು ಅದನ್ನು ಬೇರೆ ರೀತಿ ತಿಳಿದಳು. ದುಃಖ ಉಕ್ಕಿ ಇವನಿಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡಳು. ಪಾಪ, ಇವನಿಗೂ ಇಂಥದ್ದು ಏನೋ ಆಗಿರಬೇಕು ಎಂಬಂತೆ ನೋಡಿದಳು. ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವನು ಒಂದಕ್ಷರ ಬಿಡದೆ ಬರೆದುಕೊಂಡ. ನಲವತ್ತೊಂದನೆಯ ಚೀಟಿ. ಕೆಳಗೆ ಅವಳ ಕೆಲಸ ಬರೆದ, ಊರು ಬರೆದ. ಅಲ್ಲಿಗೆ ಚೀಟಿ ತುಂಬಿತು.

ಅವಳು ಇನ್ನೊಂದು ಮಾತು ಹೇಳಿದಳು. “ಸೊಸೆಗೆ ಗೊತ್ತಿಲ್ಲಪ್ಪ. ಅವಳಿಗೆ ನಿದ್ದೆಯಲ್ಲಿ ಹೋದ ಅಂತ ಹೇಳಿದೀನಿ. ನನ್ನ ಜೊತೆಗೇ ಹೋಗಲಿ ಇದು.”

ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅವನು ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಊರಿಗೆ ಬಂದ. ಜೇಬನ್ನು ಹತ್ತು ಸಲ ಮುಟ್ಟಿ ನೋಡಿಕೊಂಡ. ನಿಧಿ ಸಿಕ್ಕವನಿಗೂ ಅಷ್ಟು ಸಂತೋಷವಾಗಿರಲಾರದು. ಹೆಂಡತಿಗೆ ಹೇಳಿದ, ಗೆಳೆಯರಿಗೆ ಹೇಳಿದ, ಈ ನಿಘಂಟಿನಲ್ಲಿ ಒಂದು ವಾಕ್ಯ ಇದೆ, ಅದನ್ನು ಓದಿದವನಿಗೆ ಆ ಪದದ ಅರ್ಥವೇ ಬೇಕಾಗುವುದಿಲ್ಲ ಎಂದ. ಹೇಳಿದ್ದು ನಿಜವೂ ಆಗಿತ್ತು.

ನಾಲ್ಕು ವರ್ಷಕ್ಕೆ ನಿಘಂಟು ಅಚ್ಚಾಯಿತು. ಐನೂರು ಪ್ರತಿ. ಅವನು ಒಂದು ದೊಡ್ಡ ಕೆಲಸ ಮಾಡಲು ಹೊರಟ. ಪದ ಕೊಟ್ಟವರ ಮನೆಬಾಗಿಲಿಗೆ ಹೋಗಿ ಅವರ ಮಾತನ್ನು ಅವರಿಗೇ ಓದಿ ಹೇಳುವುದು. ಹಾಗೆ ಮಾಡಿದ ಪಂಡಿತ ಇನ್ನೊಬ್ಬನಿಲ್ಲ ಎಂದು ಸ್ವತಃ ಅವನೇ ಎಲ್ಲರಿಗೂ ಹೇಳಿಕೊಂಡ. ಕುರಿಮಂದೆಯವರಿಗೆ ಓದಿದ, ಕುಣಿದರು. ಕ್ಷೌರಿಕನಿಗೆ ಅವನ ಬೈಗುಳ ಓದಿದ. ಕ್ಷೌರಿಕ ಆ ಪುಟಕ್ಕೆ ಕನ್ನಡಿಯ ಪಕ್ಕದಲ್ಲಿ ಕಟ್ಟು ಹಾಕಿಸುತ್ತೇನೆ, ಹರಿದು ಕೊಡಿ ಎಂದ.

ಆಮೇಲೆ ಮಂಡಕ್ಕಿ ಭಟ್ಟಿಗೆ ಹೋದ.

ಒಳ್ಳೆಯ ಬಿಸಿಲು. ಅತ್ತೆ ಅವನನ್ನು ಗುರುತು ಹಿಡಿದು ನೀರು ತಂದು ಮುಂದಿಟ್ಟಳು. ಓದಿದ ಮೇಲೆ ಕುಡಿಯೋಣ ಎಂದು ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಅಕ್ಕಪಕ್ಕದ ಭಟ್ಟಿಗಳವರು ಬಂದು ಸೇರಿದರು. ಸೌದೆ ತರುವವನು ಬಂದ. ಎಲ್ಲರಿಗೂ ಅವರವರ ಮಾತು ಓದಿ ಹೇಳಿದ. ತಾನು ಯಾವಾಗಲೋ ಆಡಿದ ಮಾತು ಪುಸ್ತಕದಲ್ಲಿ ಇದೆಯೆಂದು ಸೌದೆಯವನು ಎದೆ ಮುಂದೆ ಮಾಡಿ ನಿಂತ. ಸೊಸೆಗೆ ‘ನಿದ್ದೆ’ ಓದಿದ. ಅವಳು ಇನ್ನೊಂದು ಸಲ ಓದಿಸಿಕೊಂಡಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು. ನಮ್ಮತ್ತೆ ಹೇಳಿದ್ದು ಯಾವುದೂ ಇಲ್ಲವೇ, ದಿನವೆಲ್ಲ ಮಾತಾಡುವವರು ಅವರೇ ಎಂದು ಕೇಳಿದಳು.

ಅತ್ತೆ ಒಲೆಯ ಮುಂದೆ ಇದ್ದಳು. ಅಕ್ಷರ ಬಾರದವಳು. ಅವಳಿಗೆ ತಾನು ಆಡಿದ ಕೆಲಸದ ಮಾತುಗಳಷ್ಟೇ ಪುಸ್ತಕಕ್ಕೆ ಹೋಗಿವೆ ಎಂಬ ನಂಬಿಕೆ ಇತ್ತು. ನನ್ನದೇನಪ್ಪ, ಮರಳು, ಬಾಣಲೆ, ಅಷ್ಟೇ ಎಂದಳು.

ಈ ಪುಸ್ತಕದ ಅತ್ಯುತ್ತಮ ವಾಕ್ಯ ನಿಮ್ಮತ್ತೆಯದು ಎಂದು ಹೇಳಿ, ಪುಟ ತೆಗೆದು, ಎಲ್ಲರಿಗೂ ಕೇಳಲಿ ಎಂದು ನಾನು ಎದ್ದು ನಿಂತು ಗಟ್ಟಿಯಾಗಿ ಓದಿದೆ.

ಸರ್ವಮಂಗಳೆ ತಲೆಯೆತ್ತಿದಳು. ನಾನು ತಿದ್ದಿಕೊಳ್ಳಲಿಲ್ಲ. ಆಮೇಲೆ ಹಿಂದಕ್ಕೆ ಹೋಗಿ ‘ಅವನು’ ಎನ್ನಲು ನನ್ನಿಂದಾಗಲಿಲ್ಲ.

ಪೂರ್ತಿ ಓದಿದೆ. ನಡುವೆ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿ ಓದಿದೆ. ನನ್ನ ಓದು ಬಹಳ ಚೆನ್ನಾಗಿರುತ್ತದೆ, ನಿನಗೆ ಗೊತ್ತಲ್ಲ. ಕೆಳಗಿನ ವಿವರವನ್ನೂ ಬಿಡಲಿಲ್ಲ, ಅವಳ ಕೆಲಸ, ಅವಳ ಊರು. ಓದಿ ಮುಗಿಸಿ ತಲೆಯೆತ್ತಿದಾಗ ಜರಡಿಯ ಸದ್ದು ನಿಂತಿತ್ತು.

“ನೀರು ಕೇಳಿದ್ರಾ, ಅತ್ತೆ?” ಎಂದಳು ಸೊಸೆ.

ಅತ್ತೆಯ ಕೈ ಬಾಣಲೆಯಲ್ಲೇ ನಿಂತಿತ್ತು. ಮರಳಿನಲ್ಲಿದ್ದ ಅಕ್ಕಿ ಕಪ್ಪಾಗಿ ಹೊಗೆ ಬಂತು. ಒಬ್ಬರೂ ಏಳಲಿಲ್ಲ. ಆ ಹೊಗೆಯಲ್ಲಿ ನನಗೆ ಚೀಟಿಯಲ್ಲಿ ಹಿಡಿಸದಿದ್ದ ಆ ಕೊನೆಯ ಮಾತು ನೆನಪಾಯಿತು. ನಾಲ್ಕು ವರ್ಷದಲ್ಲಿ ಒಂದು ಸಲವೂ ನೆನಪಾಗಿರಲಿಲ್ಲ. ಒಂದೇ ಪುಸ್ತಕದಲ್ಲಿ ‘ನ’ಕಾರದಲ್ಲಿ ಸೊಸೆಯ ಮಾತು, ‘ಸ’ಕಾರದಲ್ಲಿ ಅತ್ತೆಯ ಮಾತು. ಎರಡನ್ನೂ ನಾನೇ ಬರೆದಿದ್ದೆ, ನಾನೇ ಐದು ಸಲ ಕರಡು ತಿದ್ದಿದ್ದೆ. ಒಂದು ಕೊಂಬು ಬಿಟ್ಟಿದ್ದರೂ ಹಿಡಿಯುತ್ತಿದ್ದೆ. ಇದನ್ನು ಹಿಡಿಯಲಿಲ್ಲ.

ಆಗ ನಾನು ಒಂದು ಮಾತು ಆಡಿದೆ. ಇದು ಬಹಳ ಅಪರೂಪದ ವಾಕ್ಯ ಎಂದೆ. ಯಾರಿಗೆ ಹೇಳಿದೆನೋ, ಯಾಕೆ ಹೇಳಿದೆನೋ ಗೊತ್ತಿಲ್ಲ. ಹೇಳಿದ್ದಂತೂ ಹೇಳಿದೆ.

ಸೊಸೆ ಎದ್ದಳು. ನನ್ನ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಎತ್ತಿಕೊಂಡಳು. ಅದರೊಳಗೆ ಸ್ವಲ್ಪ ಹೊತ್ತು ನೋಡಿದಳು. ಹಾಗೇ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಹಾಕಿದ್ದರೆ ನನಗೆ ಹೊರಡಲು ಅನುಕೂಲವಾಗುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಹೋದರು. ಸೌದೆಯವನು ಮಾತ್ರ ನಿಂತು, ಮೇಷ್ಟ್ರೇ, ಬಸ್ಸಿಗೆ ಹೊತ್ತಾಯಿತು ಎಂದ. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು.

ಆಮೇಲಿನದ್ದು ನೀನು ನೋಡಿದ ಕಾಗದದ ಕತೆ. ಮನೆಗೆ ಬಂದು ಆ ಚೀಟಿಯನ್ನು ಒಲೆಗೆ ಹಾಕಿದೆ. ಬಿಳಿ ಕಾಗದವನ್ನು ಬೆರಳಗಲ ಕತ್ತರಿಸಿದೆ, ಅಂಟಿನ ಬಾಟಲಿ ಚೀಲಕ್ಕೆ ಹಾಕಿಕೊಂಡೆ. ಎರಡು ವರ್ಷ ತಿರುಗಿದೆ. ಪದ ಹುಡುಕಲು ತಿರುಗಿದ್ದಕ್ಕಿಂತ ಹೆಚ್ಚು ತಿರುಗಿದೆ. ಒಂದು ಗ್ರಂಥಾಲಯದಲ್ಲಿ ಸಿಕ್ಕಿಬಿದ್ದೆ. ಪುಸ್ತಕ ಬರೆದವನು ನಾನೇ ಎಂದರೆ, ಪುಟ ಹರಿಯುವವರೆಲ್ಲ ಹೀಗೇ ಹೇಳುತ್ತಾರೆ ಎಂದು ಗ್ರಂಥಪಾಲಕ ಕೊರಳಪಟ್ಟಿಗೆ ಕೈ ಹಾಕಿದ. ನಾನು ಹರಿಯುತ್ತಿಲ್ಲ, ಅಂಟಿಸುತ್ತಿದ್ದೇನೆ ಎಂದೆ. ಅವನು ಯೋಚಿಸಿ, ಅದಕ್ಕೆ ನಿಯಮದಲ್ಲಿ ಶಿಕ್ಷೆ ಇಲ್ಲ ಎಂದು ಬಿಟ್ಟುಬಿಟ್ಟ. ಒಬ್ಬ ವಕೀಲರ ಮನೆಯಲ್ಲಿ ಪ್ರತಿಯನ್ನು ಗೆದ್ದಲು ತಿಂದಿತ್ತು, ಸರಿಯಾಗಿ ‘ಸ’ಕಾರ ಮುಗಿಯುವವರೆಗೆ. ಗೆದ್ದಲಿಗೆ ಕೈಮುಗಿದು ಬಂದೆ. ಐನೂರರಲ್ಲಿ ನಾನ್ನೂರ ಎಂಬತ್ತೆಂಟಕ್ಕೆ ಅಂಟಿಸಿದೆ. ಇಡೀ ನಾಡಿನಲ್ಲಿ ತನ್ನ ಪುಸ್ತಕವನ್ನು ತಾನೇ ಮುಚ್ಚಿಕೊಂಡು ಬಂದ ಪಂಡಿತ ನಾನೊಬ್ಬನೇ. ಬೇಕಾದರೆ ವಿಚಾರಿಸು.

ಸರ್ವಮಂಗಳೆ ನಗಲಿಲ್ಲ. ಆ ಇಬ್ಬರು ಹೆಂಗಸರು ಏನಾದರು ಎಂದು ಕೇಳಿದಳು.

ಅದನ್ನೂ ಹೇಳಿದೆ. ಸೊಸೆ ಆ ವಾರವೇ ತವರಿಗೆ ಹೋದಳಂತೆ. ಏಳು ತಿಂಗಳು ಬರಲಿಲ್ಲ. ಅಷ್ಟು ದಿನ ಅತ್ತೆ ಒಬ್ಬಳೇ ಮರಳು ಕಾಯಿಸಿ, ಒಬ್ಬಳೇ ಜರಡಿ ಹಿಡಿದಳು. ಎಂಟನೆಯ ತಿಂಗಳು ಸೊಸೆ ತಾನಾಗಿ ಬಂದು, ಚೀಲ ಒಳಗಿಟ್ಟು, ಜರಡಿಯ ಮುಂದೆ ಕುಳಿತಳು. ಯಾಕೆ ಹೋದೆ, ಯಾಕೆ ಬಂದೆ ಎಂಬ ಮಾತು ಇಬ್ಬರ ನಡುವೆ ನಡೆಯಲಿಲ್ಲ. ಇಷ್ಟನ್ನು ನನಗೆ ಹೇಳಿದವನು ಸೌದೆಯವನು.

ಅಂಟಿಸುವ ಕೆಲಸ ಮುಗಿದ ಮೇಲೆ ನಾನು ಇನ್ನೊಂದು ಸಲ ಅಲ್ಲಿಗೆ ಹೋದೆ. ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಜೇಬಿನಲ್ಲಿ ಚೀಟಿ ಇರಲಿಲ್ಲ, ಪೆನ್ಸಿಲ್ ಇರಲಿಲ್ಲ. ಭಟ್ಟಿ ಉರಿಯುತ್ತಿತ್ತು. ಸೊಸೆ ತಲೆ ಬಗ್ಗಿಸಿ ಜರಡಿ ಹಿಡಿದಿದ್ದಳು, ಎತ್ತಿ ನೋಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ರೇಗಿಸುತ್ತಿರಲಿಲ್ಲ. ನಾನು ಹತ್ತಿರ ಹೋಗಿ ಅತ್ತೆಗೆ ಹೇಳಿದೆ, ನಾನ್ನೂರ ಎಂಬತ್ತೆಂಟು ಪ್ರತಿಗೆ ಅಂಟಿಸಿದ್ದೇನೆ, ಒಂದನ್ನು ಗೆದ್ದಲು ತಿಂದಿದೆ, ಹನ್ನೊಂದು ಸಿಗಲಿಲ್ಲ ಎಂದು. ಹೇಳುವಾಗ ಅದೆಷ್ಟು ಸಣ್ಣದೆಂದು ಗೊತ್ತಾಯಿತು. ಅವಳು ಬಾಣಲೆ ಬಿಟ್ಟು ಎದ್ದಳು. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟಳು. “ಹೋಗಲಿ ಬಿಡಪ್ಪ” ಎಂದಳು. ನಾನು ಕುಡಿದೆ, ಲೋಟ ಕೆಳಗಿಟ್ಟು ಬಂದೆ.

ಕತೆ ಅಲ್ಲಿಗೆ ಮುಗಿಯಿತು ಎಂದೆ.

ಸರ್ವಮಂಗಳೆ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡಳು. ಪಟ್ಟಿಯ ಅಂಚು ಎಲ್ಲೋ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದಳು. ಈ ಮುದ್ರಣದಲ್ಲೂ ಅರ್ಥ ಮಾತ್ರ ಇರಲಿ, ಕೆಳಗಿನ ಜಾಗವನ್ನು ಖಾಲಿ ಬಿಡುತ್ತೇನೆ ಎಂದಳು. ನನಗೆ ಹಗುರವಾಯಿತು. ಎದ್ದು ಚಹಾಕ್ಕೆ ಹೇಳೋಣ ಎಂದುಕೊಂಡೆ.

ಆಗ ಅವಳು ಚೀಲದಿಂದ ಒಂದು ಹೊಸ ಚೀಟಿ ತೆಗೆದಳು. ಕೈಗೆ ಅಂಟಿದ ಅಭ್ಯಾಸ, ಕಲಿಸಿದವನು ನಾನೇ. ಮೇಲ್ಗಡೆ ‘ಬಿಡು’ ಎಂದು ಬರೆದಳು. ಅದರ ಮುಂದೆ, ಕ್ಷಮಿಸು ಎಂಬ ಅರ್ಥದಲ್ಲಿ ಎಂದು ಬರೆದಳು. “ಸದ್ಯ, ಆಕೆ ‘ಹೋಗಲಿ ಬಿಡಪ್ಪ’ ಅಂದರಲ್ಲ, ಮಾವ. ಇದಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ಸಿಗುವುದಿಲ್ಲ. ಹೆಸರು, ಊರು ಏನೂ ಹಾಕುವುದಿಲ್ಲ,” ಎಂದು ಹೇಳಿ, ನಡುವಿನ ಜಾಗಕ್ಕೆ ಪೆನ್ಸಿಲ್ ತಂದಳು.

“ಅದನ್ನು ಬರೆದುಕೊಳ್ಳಬೇಡಮ್ಮ,” ಎಂದೆ. “ನೀರು ಕೊಟ್ಟದ್ದು ನಿಜ, ಆ ಮಾತೊಂದು ನಾನು ಸೇರಿಸಿದ್ದು.”